ಕದ್ದವರ ಹತ್ತಿರವಾದರೂ ಇರಲಿ

ಮನೆಯಲ್ಲಿ ಹೆಪ್ಪು ತೀರಿಹೋದರೆ ನಾನೇ ಬಟ್ಟಲು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟುತ್ತೇನೆ. ನಲವತ್ತರ ಹತ್ತಿರ ಬಂದ ಗಂಡಸು, ಅದೂ ಹೈಸ್ಕೂಲಿನ ಕನ್ನಡ ಮೇಷ್ಟ್ರು, ಹೀಗೆ ಬಟ್ಟಲು ಹಿಡಿದು ನಿಲ್ಲುವುದು ಹೆಂಡತಿಗೆ ಅಷ್ಟು ಸರಿಬರುವುದಿಲ್ಲ. ನನಗೇನೋ ಸಂಕೋಚವಿಲ್ಲ. ಸಕ್ಕರೆ ಕೇಳಬೇಕಾದರೆ ಸಂಕೋಚಪಡುತ್ತೇನೆ, ಏಕೆಂದರೆ ಕೊಟ್ಟವರ ಡಬ್ಬಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಹೆಪ್ಪಿನ ಮಾತೇ ಬೇರೆ. ಒಂದು ಚಮಚ ಕೊಟ್ಟರೂ ಅವರ ಮೊಸರು ಮೊಸರಾಗಿಯೇ ಇರುತ್ತದೆ, ನಮ್ಮ ಹಾಲೂ ಬೆಳಗಾಗುವುದರೊಳಗೆ ಮೊಸರಾಗಿರುತ್ತದೆ. ನಾಳೆ ಅವರ ಮನೆಯ ಮೊಸರನ್ನು ಬೆಕ್ಕು ಕುಡಿದರೆ ಅದೇ ಹೆಪ್ಪು ನಮ್ಮಿಂದ ಅವರಿಗೆ ವಾಪಸ್ಸು ಹೋಗುತ್ತದೆ. ಹೆಪ್ಪಿಗೆ ಇರುವುದು ಒಂದೇ ಕಾಯಿದೆ: ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ. ಅದನ್ನು ಮೀರಿದರೆ ಲಕ್ಷ್ಮಿ ಹೋಗುತ್ತಾಳಂತೆ. ಪೊಲೀಸರಂತೂ ಬರುವುದಿಲ್ಲ.

ಈ ಹೆಪ್ಪಿನ ನ್ಯಾಯವೇ ನನ್ನನ್ನು ಕಳ್ಳನನ್ನಾಗಿ ಮಾಡಿತು.

ಕೆಲವು ವರ್ಷಗಳ ಹಿಂದೆ, ಚಿಕ್ಕಬಳ್ಳಾಪುರದ ಬಾಡಿಗೆ ಮನೆಗೆ ನಾನು ಕಂಪ್ಯೂಟರ್ ತಂದೆ. ಫೋನಿನ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬರುವ ಕಾಲ ಆಗಷ್ಟೇ ಶುರುವಾಗಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಬಂದು, ಹಾಡುಗಳನ್ನು ಬಿಟ್ಟಿಯಾಗಿ ಇಳಿಸಿಕೊಳ್ಳುವ ಒಂದು ಪ್ರೋಗ್ರಾಮನ್ನು ಅದರೊಳಗೆ ಹಾಕಿಕೊಟ್ಟರು. ಅದರ ಮರ್ಮವನ್ನೂ ವಿವರಿಸಿದರು. ಇದಕ್ಕೆ ಅಂಗಡಿಯಿಲ್ಲ, ಗೋದಾಮಿಲ್ಲ. ನಿಮಗೆ ಬೇಕಾದ ಹಾಡು ಲೋಕದ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಇರುತ್ತದೆ. ಒಬ್ಬೊಬ್ಬರಿಂದ ಒಂದೊಂದು ಚೂರು ನಿಮಗೆ ಬರುತ್ತದೆ. ಬಂದ ಚೂರು ನಿಮ್ಮಿಂದ ಇನ್ನೊಬ್ಬರಿಗೆ ಹೋಗುತ್ತದೆ.

"ಅಂದ್ರೆ ಹೆಪ್ಪು ಅನ್ನಿ" ಎಂದೆ.

ಅವರು ತುಸು ಯೋಚಿಸಿ, "ಹೆಪ್ಪೇ" ಎಂದು ಒಪ್ಪಿಕೊಂಡರು. ವಿಜ್ಞಾನ ಕನ್ನಡಕ್ಕೆ ಅಷ್ಟು ಸುಲಭವಾಗಿ ತಲೆಬಾಗಿದ್ದನ್ನು ನಾನು ಮತ್ತೆ ನೋಡಿಲ್ಲ.

ಆಮೇಲೆ ಶುರುವಾಯಿತು ನನ್ನ ಆಸೆಬುರುಕತನ. ಎಂದೋ ರೇಡಿಯೋದಲ್ಲಿ ಅರ್ಧ ಕೇಳಿದ್ದ ಹಾಡು, ಸಿನಿಮಾ ಟೆಂಟಿನ ಹೊರಗೆ ನಿಂತು ಕೇಳಿದ್ದ ಹಾಡು, ಮದುವೆಮನೆಯ ಮೈಕಿನಲ್ಲಿ ಕೇಳಿದ್ದ ಹಾಡು, ಎಲ್ಲವೂ ಬೇಕಾದವು. ಪರದೆಯ ಮೇಲೆ ಹಸಿರು ಗೆರೆಯೊಂದು ಇಂಚಿಂಚಾಗಿ ತೆವಳುವುದನ್ನು ನೋಡುತ್ತ ಕೂರುವುದೇ ನನ್ನ ಭಾನುವಾರವಾಯಿತು. ಗೆರೆ ತುದಿಗೆ ಬಂದು, ಇನ್ನು ಕೂದಲೆಳೆಯಷ್ಟು ಉಳಿದಿದೆ ಎನ್ನುವಾಗ ನಿಂತುಬಿಡುತ್ತಿತ್ತು. ಎಲ್ಲಿಯೋ ಯಾರೋ ತಮ್ಮ ಕಂಪ್ಯೂಟರ್ ಆರಿಸಿ ಊಟಕ್ಕೆ ಎದ್ದಿರಬೇಕು. ಕೇಳಿದ್ದೇ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ. ಹರಿಕಥೆ ಎಂದು ಹೆಸರಿದ್ದದ್ದನ್ನು ತೆರೆದರೆ ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಹೆಂಗಸು ಏನನ್ನೋ ಮಾರುತ್ತಿದ್ದಳು.

ನಮ್ಮ ಎದುರು ಮನೆಯಲ್ಲಿ ಗೌರಿಬಿದನೂರಿನ ಕಡೆಯ ವಕೀಲರೊಬ್ಬರಿದ್ದರು, ನಾರಾಯಣಸ್ವಾಮಿ ಎಂದು. ಕಾಫಿಗೆ ಬಂದವರು ಪರದೆಯನ್ನು ನೋಡಿ ಕನ್ನಡಕ ಮೇಲೇರಿಸಿದರು.

"ಮೇಷ್ಟ್ರೇ, ಇಳಿಸ್ಕೊಳ್ಳೋದು ಒಂದು ತಪ್ಪು. ಅದು ಇಳೀತಿರೋವಾಗ್ಲೇ ನಿಮ್ಮಿಂದ ಹತ್ತು ಜನಕ್ಕೆ ಹೋಗ್ತಾ ಇದೆ ನೋಡಿ, ಅದು ಇನ್ನೊಂದು ತಪ್ಪು. ಹಾಡಿದೋರ್ನ, ಹಾಡು ಮಾಡಿದೋರ್ನ ಕೇಳಿದೀರಾ? ಕದ್ದೋರೂ ನೀವೇ, ಕದ್ದ ಮಾಲು ಹಂಚೋರೂ ನೀವೇ. ಚಿಂತಾಮಣೀಲಿ ನನ್ನ ಕಕ್ಷಿದಾರ ಒಬ್ಬ ಸೀಡಿ ಕಾಪಿ ಮಾಡಿ ಮಾರ್ತಿದ್ದ. ಪೊಲೀಸ್ನೋರು ಬಂದು ಅಂಗಡೀನೇ ಗೋಣಿಚೀಲಕ್ಕೆ ತುಂಬ್ಕೊಂಡು ಹೋದ್ರು."

"ನಾನು ಮಾರಲ್ವಲ್ಲ ಸ್ವಾಮಿ."

"ಮಾರಲ್ಲ, ಸುಮ್ನೆ ಕೊಡ್ತೀರ. ಅವನಿಗೆ ಲಾಭಾನಾದ್ರೂ ಇತ್ತು."

ಕಾಫಿ ಕುಡಿದು ಅವರು ಹೋದರು. ನನಗೆ ಆ ವಾರವೆಲ್ಲ ಕಸಿವಿಸಿ. ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳ ತೋಳು ಮಡಿಸಿ, ಜೇಬು ಕೊಡವಿ ಚೀಟಿ ಹುಡುಕುವವನು ನಾನು. ನಕಲು ಮಾಡುವುದು ಹೇಡಿತನ ಎಂದು ಪ್ರತಿವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡುವವನೂ ನಾನೇ. ಆದರೂ ಮನಸ್ಸು ಒಳಗೊಳಗೇ ವಾದ ಹೂಡಿತು. ನಮ್ಮ ಹಳಗನ್ನಡ ಉಳಿದದ್ದಾದರೂ ಹೇಗೆ? ನಕಲಿನಿಂದಲೇ ಅಲ್ಲವೇ? ಯಾವುದೋ ಮಠದ ಮೂಲೆಯಲ್ಲಿ ಕೂತ ಲಿಪಿಕಾರ ತಾಳೆಗರಿಯಿಂದ ತಾಳೆಗರಿಗೆ ಇಳಿಸಿಕೊಂಡ, ಇನ್ನೊಬ್ಬ ಅವನಿಂದ ಇಳಿಸಿಕೊಂಡ. ಇಳಿಸಿಕೊಳ್ಳದೆ ಬಿಟ್ಟ ಗ್ರಂಥಗಳನ್ನು ಗೆದ್ದಲು ತಿಂದಿತು. ಈ ಲಿಪಿಕಾರರು ತಮಾಷೆಯ ಜನ. ಕಣ್ಣು ಮಬ್ಬಾದಲ್ಲಿ ಒಂದು ಸಾಲು ಬಿಡುತ್ತಾರೆ. ಹಿಂದಿನವನು ಅಂಚಿನಲ್ಲಿ ಗೀಚಿಕೊಂಡ ಟಿಪ್ಪಣಿಯನ್ನು ಪದ್ಯದೊಳಕ್ಕೇ ಸೇರಿಸಿಬಿಡುತ್ತಾರೆ. ನಾಲ್ಕು ಪ್ರತಿ ದಾಟಿದ ಮೇಲೆ ಕವಿ ಬರೆದದ್ದು ಯಾವುದು, ಯಾರೋ ಗೊಣಗಿದ್ದು ಯಾವುದು ಎಂದು ಬೇರ್ಪಡಿಸಲು ಪಂಡಿತರು ತಲೆ ಕೆರೆದುಕೊಳ್ಳಬೇಕು. ಅವರೆಲ್ಲ ಯಾರ ಅಪ್ಪಣೆ ಕೇಳಿದ್ದರು? ಹೀಗೆ ವಾದಿಸಿ ನನ್ನ ಕಡೆಗೇ ತೀರ್ಪು ಕೊಟ್ಟುಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಈಗ ರತ್ನಕ್ಕನ ವಿಷಯ ಹೇಳಬೇಕು. ಇಷ್ಟು ಹೊತ್ತು ಸುತ್ತು ಬಳಸಿದ್ದು ಅದನ್ನು ಹೇಳಲು ಕಷ್ಟವಾಗಿ.

ರತ್ನಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ನನ್ನ ಒಬ್ಬಳೇ ಅಕ್ಕ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಗೆ ಕೊಟ್ಟಿದ್ದರು. ಹಿಪ್ಪುನೇರಳೆ ತೋಟ, ಹಿತ್ತಿಲಲ್ಲಿ ರೇಷ್ಮೆಹುಳದ ಮನೆ. ಆ ಹುಳದ ಮನೆಯ ಒಡತಿ ಅವಳೇ. ಭಾವನದು ಏನಿದ್ದರೂ ಸೊಪ್ಪು ತಂದು ಹಾಕುವ ಕೆಲಸ. ನೀವು ಹುಳ ಸಾಕುವವರ ಮನೆಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಅಲ್ಲಿ ದೇವರ ಮನೆಗಾದರೂ ಸಲೀಸಾಗಿ ನುಗ್ಗಬಹುದು, ಹುಳದ ಮನೆಗೆ ಆಗುವುದಿಲ್ಲ. ಬಾಗಿಲಲ್ಲೇ ನೀರಿನ ತೊಟ್ಟಿ. ಕೈಕಾಲು ತೊಳೆದು, ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿಯನ್ನು ತುಳಿದು ಒಳಗೆ ಕಾಲಿಡಬೇಕು. ಹೊರಗಿನ ಧೂಳಿನಲ್ಲಿ ಯಾವ ರೋಗ ಬರುತ್ತದೋ ಯಾರು ಬಲ್ಲರು? ಒಂದು ಹುಳಕ್ಕೆ ತಗುಲಿದರೆ ಬೆಳಗಾಗುವುದರಲ್ಲಿ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಒಂದು ಸಲ ಅಕ್ಕನ ಮನೆಗೆ ಯಾರದೋ ಚಂದ್ರಿಕೆ ಬಂದಿತ್ತು. ಚಂದ್ರಿಕೆ ಎಂದರೆ ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಊರಲ್ಲಿ ಒಬ್ಬರದನ್ನು ಒಬ್ಬರು ಈಸಿಕೊಳ್ಳುವುದು ವಾಡಿಕೆ. ತೊಳೆಯದೆ ಹಾಗೇ ಬಳಸಿದರು. ಆ ಬೆಳೆಯೂ ಹೋಯಿತು, ಮುಂದಿನ ಬೆಳೆಯೂ ಹೋಯಿತು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಂದಿನಿಂದ ಈಸಿಕೊಂಡದ್ದನ್ನು ತೊಳೆದು, ಬಿಸಿಲಿಗೆ ಹಾಕಿ, ಬೆಂಕಿ ತಾಗಿಸಿ ಒಳಗೆ ಬಿಡುತ್ತಿದ್ದಳು. ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಮಾತ್ರ ಎಂದೂ ಹೇಳಲಿಲ್ಲ.

ನನಗೆ ಕೆಲಸ ಸಿಕ್ಕ ಹೊಸದರಲ್ಲಿ ಟೇಪ್‌ರೆಕಾರ್ಡರ್ ಕೊಂಡು, ಅಕ್ಕನಿಗೆ ತೋರಿಸಬೇಕೆಂದು ಎದೆಗವಚಿಕೊಂಡು ಬಸ್ಸು ಹತ್ತಿದೆ. ಹೋದಾಗ ಅವಳು ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಕೊನೆಯ ಜ್ವರ ಎದ್ದ ಹುಳಗಳು. ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವನ್ನು ಕಿವಿಯಿಂದಲೇ ಕೇಳಬಹುದು, ಹೆಂಚಿನ ಮೇಲೆ ಹನಿ ಮಳೆ ಬಿದ್ದ ಹಾಗೆ ಚರಚರ ಸದ್ದು. ಉಣ್ಣುವ ಮಕ್ಕಳ ಮುಂದೆ ಸುಮ್ಮನಿರಬಾರದು ಎಂದು ಅಕ್ಕ ಹಾಡುತ್ತಿದ್ದಳು. ಹಾಡು ಅವಳೇ ಕಟ್ಟಿದ್ದು.

"ಡಬ್ಬಿ ತಂದಿದೀನಿ ಕಣಕ್ಕ, ನೀ ಹಾಡು, ಹಿಡ್ಕೊಳ್ತೀನಿ" ಎಂದೆ.

"ಒಳಗ್ ಬರೋದಾದ್ರೆ ಆ ಡಬ್ಬೀನೂ ತೊಳ್ಕೊಂಡ್ ಬಾ" ಎಂದಳು.

ಡಬ್ಬಿಯನ್ನು ತೊಳೆಯುವುದು ಹೇಗೆ? ಹೊಸ್ತಿಲಾಚೆ ನಿಂತೇ ಗುಂಡಿ ಒತ್ತಿದೆ. ನಾಲ್ಕೇ ನಿಮಿಷ. ಮೊದಲು ಹುಳಗಳ ಚರಚರ. ಆಮೇಲೆ ಅಕ್ಕನ ದನಿ:

ಉಣ್ಣಪ್ಪ ಉಣ್ಣಪ್ಪ ಹಸಿರೆಲೆ ಉಣ್ಣಪ್ಪ
ಹೊನ್ನಿನ ಮನೆ ಕಟ್ಟಿ ಮಲಗಪ್ಪ

ಎರಡನೆಯ ಸಲ ಹೊನ್ನಿನ ಮನೆಯ ಹತ್ತಿರ ಬರುವಾಗ ನಾನು ಮೈಮರೆತು ಒಂದು ಕಾಲು ಒಳಗಿಟ್ಟೆ. ಹಾಡು ತಟ್ಟನೆ ನಿಂತು, "ಏಯ್! ಕಾಲ್ ತೊಳ್ಕೊಂಡ್ ಬಾರೋ! ಮೇಷ್ಟ್ರಂತೆ ಮೇಷ್ಟ್ರು!" ಎಂದು ಬೈಗುಳ, ಒಂದು ಸಣ್ಣ ಕೆಮ್ಮು, ಆಮೇಲೆ ಏನೂ ಆಗದವಳ ಹಾಗೆ "ಹೊನ್ನಿನ ಮನೆ ಕಟ್ಟಿ ಮಲಗಪ್ಪ". ಎಲ್ಲವೂ ಟೇಪಿನಲ್ಲಿ ಸೇರಿಕೊಂಡಿತು.

ಕೆಲವು ವರ್ಷಕ್ಕೆ ಅಕ್ಕ ಕಾಮಾಲೆಯಾಗಿ ಹೋಗಿಬಿಟ್ಟಳು. ಬಹಳ ಕಾದು ಹುಟ್ಟಿದ ಮಗಳು ಸುಮಾಗೆ ಆಗ ಏಳು ವರ್ಷ. ಮನೆಯಲ್ಲಿ ಅಕ್ಕನ ಒಂದೆರಡು ಫೋಟೋ ಇದ್ದವು, ಎಲ್ಲದರಲ್ಲೂ ಫೋಟೋದವನಿಗೆ ಹೆದರಿದ ಮುಖ. ನಿಜವಾದ ಅಕ್ಕ ಇದ್ದದ್ದು ಆ ಟೇಪಿನಲ್ಲಿ. ಕಂಪ್ಯೂಟರ್ ಬಂದ ಕೂಡಲೇ ನಾನು ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ವಿಜ್ಞಾನದ ಮೇಷ್ಟ್ರ ಸಹಾಯದಿಂದ ಆ ನಾಲ್ಕು ನಿಮಿಷವನ್ನು ರತ್ನಕ್ಕ ಎಂದೇ ಹೆಸರಿಟ್ಟು ಅದರೊಳಗೆ ಇಳಿಸಿದ್ದು. ರಜೆಗೆ ಬಂದಾಗಲೆಲ್ಲ ಸುಮಾ ಚೀಲ ಕೆಳಗಿಡುವ ಮುಂಚೆಯೇ, "ಮಾಮ, ಅಮ್ಮನ್ನ ಹಾಕು" ಎನ್ನುತ್ತಿದ್ದಳು. ಹಾಡನ್ನು ಹಾಕು ಎಂದು ಅವಳು ಒಂದು ಸಲವೂ ಅಂದದ್ದಿಲ್ಲ. ಮಂಡಿ ಮಡಿಸಿ ಕುರ್ಚಿಯಲ್ಲಿ ಕೂತು ಮತ್ತೆ ಮತ್ತೆ ಕೇಳುತ್ತಿದ್ದಳು. ಬೈಗುಳ ಬಂದಾಗ ನನ್ನ ಕಡೆ ತಿರುಗಿ ಕಿಸಕ್ಕನೆ ನಗುತ್ತಿದ್ದಳು.

ಇಂಥ ಅಕ್ಕನ ತಮ್ಮನಾಗಿ ನಾನು ಮಾಡಿದ ಕೆಲಸ ಕೇಳಿ. ಆ ಹಂಚುವ ಪ್ರೋಗ್ರಾಮು ಮೊದಲ ದಿನವೇ ಒಂದು ಪ್ರಶ್ನೆ ಕೇಳಿತ್ತು: ನಿಮ್ಮಲ್ಲಿರುವ ಯಾವುದನ್ನು ಬೇರೆಯವರಿಗೆ ತೆರೆದಿಡಲಿ? ನಮ್ಮ ಕಡೆ ಕೇಳಲು ಬಂದವರ ಮುಂದೆ ಡಬ್ಬಿಯ ಮುಚ್ಚಳ ಹಾಕುವುದು ಸಣ್ಣತನ. ನಾನು ಹೆಪ್ಪಿನ ಗುಂಗಿನಲ್ಲಿ ಧಾರಾಳವಾಗಿ 'ಎಲ್ಲವನ್ನೂ' ಎಂದು ಒತ್ತಿಬಿಟ್ಟೆ. ಹಾಡಿನದೊಂದು ಕೋಣೆ ಸಾಕಾಗಿತ್ತು, ನಾನು ಇಡೀ ಮನೆಯ ಬಾಗಿಲು ತೆಗೆದಿಟ್ಟೆ. ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ನನ್ನ ಸಂಬಳದ ಚೀಟಿ, ಬ್ಯಾಂಕಿಗೆ ಬರೆದ ಅರ್ಜಿ, ಹೆಂಡತಿ ಬೆರಳಚ್ಚಿಸಿಟ್ಟ ಹುಳಿಪುಡಿಯ ಅಳತೆ, ಎಲ್ಲವೂ ಲೋಕಕ್ಕೆ ಮುಕ್ತವಾಗಿದ್ದವು. ತೊಟ್ಟಿಯಿಲ್ಲ, ಸುಣ್ಣವಿಲ್ಲ, ಹೊಸ್ತಿಲೇ ಇಲ್ಲ.

ಒಂದು ಭಾನುವಾರ ಪರದೆಯ ಕೆಳಗಡೆ, ನಮ್ಮಿಂದ ಹೊರಗೆ ಹೋಗುವವುಗಳ ಪಟ್ಟಿಯಲ್ಲಿ, ರತ್ನಕ್ಕ ಎಂಬ ಹೆಸರು ಕಂಡಿತು. ಎಲ್ಲಿಯವರೋ ಒಬ್ಬರು ರತ್ನ ಎಂದು ಯಾವ ಹಾಡನ್ನು ಹುಡುಕುತ್ತಿದ್ದರೋ, ನಮ್ಮಕ್ಕನನ್ನು ತೆಗೆದುಕೊಂಡು ಹೋಗುತ್ತಿದ್ದರು. ನನಗೆ ಗಾಬರಿಯಾಗಬೇಕಿತ್ತು. ನಿಜ ಹೇಳುತ್ತೇನೆ, ಹೆಮ್ಮೆಯಾಯಿತು. ಸುಮಾ ಅಲ್ಲೇ ಇದ್ದಳು.

"ನೋಡಮ್ಮ, ಯಾರೋ ನಿಮ್ಮಮ್ಮನ್ನ ತಗೊಂಡು ಹೋಗ್ತಿದಾರೆ."

ಅವಳ ಮುಖ ಸಣ್ಣದಾಯಿತು. "ವಾಪಸ್ ಕೊಡ್ತಾರಾ ಮಾಮ?"

"ಕೊಡೋದೇನು ಬಂತು? ಇಲ್ಲೂ ಇರುತ್ತೆ, ಅವರ ಹತ್ರಾನೂ ಇರುತ್ತೆ. ಹೆಪ್ಪಿದ್ದಂಗೆ."

ಅವಳು ನಂಬಿದಳು.

ರೇಷ್ಮೆಹುಳಕ್ಕೆ ಊಜಿ ಎಂಬ ನೊಣದ ಕಾಟವಿದೆ. ಹುಳದ ಮೈಮೇಲೆ ಕೂತು ಎಳ್ಳಿಗಿಂತ ಸಣ್ಣದಾದ ಮೊಟ್ಟೆಯಿಟ್ಟು ಹೋಗುತ್ತದೆ. ಹುಳ ಮೇಲೆ ನೋಡಲು ಹುಳವೇ. ಸೊಪ್ಪು ತಿನ್ನುತ್ತದೆ, ಹರಿದಾಡುತ್ತದೆ. ಒಳಗಿನಿಂದ ಊಜಿಯ ಮರಿ ಅದನ್ನು ತಿಂದು ಮುಗಿಸುವುದು ಆಮೇಲೆ ಗೊತ್ತಾಗುತ್ತದೆ. ನಾನು ಆಸೆಪಟ್ಟು ಇಳಿಸಿಕೊಂಡ ಒಂದು ಹಳೆಯ ಹಾಡೂ ಹೀಗೆಯೇ ಇತ್ತು. ಹೆಸರು ಹಾಡಿನದು. ತೆರೆದೆ, ಏನೂ ಕೇಳಲಿಲ್ಲ. ಮತ್ತೊಮ್ಮೆ ತೆರೆದೆ. ಮೂರು ದಿನಕ್ಕೆ ಕಂಪ್ಯೂಟರ್ ಕುಂಟಿತು, ಐದನೆಯ ದಿನ ಏಳಲೇ ಇಲ್ಲ. ರಿಪೇರಿಗೆ ಕೊಟ್ಟೆ, ಅದೂ ನಾನು ಶಾಲೆಗೆ ಹೊರಟ ಅವಸರದಲ್ಲಿ, ಒಳಗೇನಿದೆ ಎಂದು ಒಂದು ಮಾತೂ ಹೇಳದೆ. ಎರಡು ದಿನ ಬಿಟ್ಟು ಹೋದರೆ ರಿಪೇರಿಯವರು ಸಂತೋಷದಿಂದ ಹೇಳಿದರು, "ಪೂರ್ತಿ ವೈರಸ್ ಆಗಿತ್ತು ಸಾರ್. ಎಲ್ಲಾ ಅಳಿಸಿ ಕ್ಲೀನ್ ಮಾಡಿದೀನಿ, ಹೊಸದರ ಥರ ಆಗಿದೆ. ಬ್ಯಾಕಪ್ ಇಟ್ಕೊಂಡಿದೀರ ತಾನೆ?"

ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಟೇಪು ಇರಬೇಕಲ್ಲ ಎಂದು ನೀವು ಕೇಳುತ್ತೀರಿ. ಟೇಪು ಇತ್ತು. ಅಕ್ಕ ಕಂಪ್ಯೂಟರಿನೊಳಗೆ ಭದ್ರವಾಗಿದ್ದಾಳೆ ಎಂಬ ಧೈರ್ಯದಲ್ಲಿ ಆ ಟೇಪಿನ ಮೇಲೆ ನಾನು ಶಾಲೆಯ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಕಲಿಸಿದ ಸಮೂಹಗಾನವನ್ನು ಹಿಡಿದುಕೊಂಡಿದ್ದೆ. ಮನೆಗೆ ಬಂದು ಎರಡೂ ಬದಿ ಕೊನೆಯವರೆಗೆ ಕೇಳಿದೆ, ಎಲ್ಲಿಯಾದರೂ ಅಂಚಿನಲ್ಲಿ ಒಂದು ಕೆಮ್ಮಾದರೂ ಉಳಿದಿದೆಯೇ ಎಂದು. ನಲವತ್ತು ಮಕ್ಕಳು ಗಂಟಲು ಹರಿಯುವಂತೆ ಕನ್ನಡದ ಕೀರ್ತಿ ಹಾಡುತ್ತಿದ್ದರು. ನಮ್ಮಕ್ಕ ಇರಲಿಲ್ಲ.

ದಸರೆಯ ರಜೆಗೆ ಸುಮಾ ಬಂದಳು. "ಅಮ್ಮನ್ನ ಹಾಕು" ಎಂದಳು. ನಾನು ಇದ್ದದ್ದನ್ನು ಹೇಳುವ ಬದಲು, "ಕೆಟ್ಟೋಗಿದೆ ಕಣಮ್ಮ, ಹುಡುಕ್ತಾ ಇದೀನಿ" ಎಂದೆ. ಸಂಕ್ರಾಂತಿಗೆ ಬಂದಾಗ, "ಸಿಕ್ತಾ?" ಎಂದಳು. ಬೇಸಗೆಯಲ್ಲಿ ಕೇಳಲಿಲ್ಲ. ಕೇಳಿದಾಗ ಆಗುತ್ತಿದ್ದ ಸಂಕಟಕ್ಕಿಂತ ಕೇಳದೆ ಸುಮ್ಮನೆ ಚೀಲ ಕೆಳಗಿಟ್ಟಳಲ್ಲ, ಅದು ನನ್ನನ್ನು ಹೆಚ್ಚು ಕೊಂದಿತು.

ಹುಡುಕುತ್ತಿದ್ದೇನೆ ಎಂದದ್ದು ಮಾತ್ರ ಸುಳ್ಳಲ್ಲ. ಅಂದು ಯಾರೋ ತೆಗೆದುಕೊಂಡು ಹೋದರಲ್ಲ, ಅವರು ಎಲ್ಲಿಯೋ ಇರಬೇಕು. ಬ್ರೆಜಿಲ್ಲಿನಲ್ಲೋ ಬಾಗೇಪಲ್ಲಿಯಲ್ಲೋ ಯಾರಿಗೆ ಗೊತ್ತು? ತೆರೆದು ಕೇಳಿ, ಇದೇನು ಮಳೆ ಸದ್ದು, ಯಾರೋ ಬೈಯುತ್ತಿದ್ದಾರೆ ಎಂದು ಅಳಿಸಿರಬಹುದು. ಅಳಿಸದೆಯೂ ಇರಬಹುದು. ಬೇರೆ ಹಾಡುಗಳನ್ನು ಇಳಿಸಿಕೊಳ್ಳುವುದನ್ನು ಬಿಟ್ಟುಬಿಟ್ಟೆ. ಬೇಕಾದದ್ದನ್ನು ಅಂಗಡಿಯಲ್ಲಿ ಸೀಡಿ ಕೊಂಡು ಕೇಳುತ್ತೇನೆ. ವೈರಸ್ಸು ತಡೆಯುವ ಕಾವಲು ಹಾಕಿಸಿದೆ. ಹಂಚುವ ಜಾಗದಲ್ಲಿ ಒಂದು ಖಾಲಿ ಕೋಣೆಯನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆ ಬೀಗ ಜಡಿದೆ. ಅಕ್ಕ ನೋಡಿದ್ದರೆ ಮೆಚ್ಚುತ್ತಿದ್ದಳು. ಹೀಗೆ ಕಾಲು ತೊಳೆದುಕೊಂಡು ಪ್ರತಿ ಭಾನುವಾರ ಬೆಳಗ್ಗೆ ರತ್ನಕ್ಕ ಎಂದು ಬೆರಳಚ್ಚಿಸಿ ಕಾಯುತ್ತಿದ್ದೆ. ಕಂಪ್ಯೂಟರು ಲೋಕವನ್ನೆಲ್ಲ ಸುತ್ತಿಬಂದು ಏನೂ ಇಲ್ಲ ಎನ್ನುತ್ತಿತ್ತು.

ನಾರಾಯಣಸ್ವಾಮಿಯವರು ಒಂದು ದಿನ, "ಇನ್ನೂ ಬಿಟ್ಟಿಲ್ವಾ ಮೇಷ್ಟ್ರೇ ಈ ಚಟಾನ?" ಎಂದರು. ಎಲ್ಲವನ್ನೂ ಹೇಳಿದೆ. ಅವರು ಕಾಫಿಯ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಹಾಡು ನಿಮ್ಮಕ್ಕಂದು, ಹಿಡಿದೋರು ನೀವು. ಈ ಸಲ ಕಾನೂನು ನಿಮ್ಮ ಕಡೆ ಇದೆ. ತಗೊಂಡೋನು ಸಿಕ್ಕಿದ್ರೆ ಕೇಸು ಹಾಕಬಹುದು" ಎಂದರು.

"ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ ಸ್ವಾಮಿ" ಎಂದೆ.

ಲೋಕದಲ್ಲಿ ಎಲ್ಲರೂ ಕಳುವಾದದ್ದು ಕಳ್ಳನ ಬಳಿ ಉಳಿಯಬಾರದು ಎಂದು ಹರಕೆ ಹೊರುತ್ತಾರೆ. ಕದ್ದವನು ಅದನ್ನು ಚೆನ್ನಾಗಿ ಇಟ್ಟುಕೊಂಡಿರಲಿ, ಇನ್ನೂ ನಾಲ್ಕು ಕಳ್ಳರಿಗೆ ಕೊಟ್ಟಿರಲಿ ಎಂದು ಹರಕೆ ಹೊತ್ತವನು ನಾನೊಬ್ಬನೇ ಇರಬೇಕು.

ಹೀಗೆ ಮೂರು ವರ್ಷ ಕಳೆಯಿತು. ಕಳೆದ ಬೇಸಗೆಯಲ್ಲಿ ಜಂಗಮಕೋಟೆಗೆ ಹೋಗಿದ್ದೆ. ಸುಮಾಗೆ ಈಗ ಹನ್ನೆರಡು. ಇಷ್ಟು ದಿನ ತಪ್ಪಿಸಿಕೊಂಡದ್ದು ಸಾಕು, ಸಮೂಹಗಾನದ ಕಥೆಯನ್ನೂ ಬಿಡದೆ ಅವಳಿಗೆ ಹೇಳಿಬಿಡಬೇಕು ಎಂದೇ ಹೊರಟಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು, ಕೆಡವಿ, ಮತ್ತೆ ಜೋಡಿಸಿಕೊಂಡೆ. ಮನೆಯಲ್ಲಿ ಭಾವ ಇರಲಿಲ್ಲ, ಸೊಪ್ಪಿಗೆ ಹೋಗಿದ್ದರು. ಹಿತ್ತಿಲ ಕಡೆ ನಡೆದೆ. ಹುಳದ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕೊನೆಯ ಜ್ವರ ಎದ್ದ ಹುಳಗಳ ಚರಚರ ಸದ್ದು. ಸುಮಾ ಬಾಗಿಲಿಗೆ ಬೆನ್ನು ಮಾಡಿ ನಿಂತು ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಹಾಡುತ್ತಿದ್ದಳು.

ಉಣ್ಣಪ್ಪ ಉಣ್ಣಪ್ಪ ಹಸಿರೆಲೆ ಉಣ್ಣಪ್ಪ.

ಚೀಲ ಕೆಳಗಿಟ್ಟು ಹೊಸ್ತಿಲ ಹತ್ತಿರ ನಿಂತು ಕೇಳಿದೆ. ಒಂದೊಂದು ಎಳೆತವೂ ಅದೇ, ಉಸಿರು ಎಳೆದುಕೊಳ್ಳುವ ಜಾಗವೂ ಅದೇ. ಎರಡನೆಯ ಸಲ ಹೊನ್ನಿನ ಮನೆಯ ಹತ್ತಿರ ಬಂದಳು. ತಟ್ಟನೆ ನಿಲ್ಲಿಸಿ, ಕೈಯ ಕೆಲಸ ಬಿಡದೆ, ತಲೆಯೂ ಎತ್ತದೆ, ಹಾಡಿನ ಮುಂದಿನ ಸಾಲು ಇದೇ ಎಂಬಂತೆ ಹೇಳಿದಳು:

"ಏಯ್! ಕಾಲ್ ತೊಳ್ಕೊಂಡ್ ಬಾರೋ! ಮೇಷ್ಟ್ರಂತೆ ಮೇಷ್ಟ್ರು!"

ಆಮೇಲೆ ಒಂದು ಸಣ್ಣ ಕೆಮ್ಮು. ಆಮೇಲೆ ಹೊನ್ನಿನ ಮನೆ.

ಅದು ನನಗೆ ಹೇಳಿದ್ದಲ್ಲ, ಹುಳಗಳಿಗೆ ಹಾಡಿದ್ದು. ಅಷ್ಟು ತಿಳಿಯದವನೇನೂ ನಾನಲ್ಲ. ಆದರೂ ಕಾಲುಗಳು ತಾವಾಗಿಯೇ ಹಿಂದಕ್ಕೆ ಸರಿದವು. ತೊಟ್ಟಿಯ ಹತ್ತಿರ ಬಗ್ಗಿ, ಚೊಂಬಿನಲ್ಲಿ ನೀರು ಮೊಗೆದು, ಹಿಮ್ಮಡಿಯನ್ನೂ ಬಿಡದೆ ತಿಕ್ಕಿ ತಿಕ್ಕಿ ತೊಳೆದುಕೊಂಡೆ.